ಮೂರನೇ ಸಲಕ್ಕೆ ಮಾಡೆಲ್ ವಿಮಾನದ ಕಾಲು ಪೂರ್ತಿ ಮಡಚುತ್ತಿಲ್ಲ, ಯಾವ ಸಿಲಿಂಡರ್ ಹಾಕಲಿ?

ಗದ್ದೆ ಪೈಲಟ್, ಸಾಗರ
ನನ್ನ 4 ಕೆಜಿ ಮಾಡೆಲ್‌ಗೆ ಗಾಳಿಯಿಂದ ಮಡಚುವ ಲ್ಯಾಂಡಿಂಗ್ ಗೇರ್ (ಚಕ್ರದ ಕಾಲುಗಳು) ಹಾಕಿದ್ದೇನೆ. ಎರಡು ಸಿಲಿಂಡರ್, ಬೋರ್ (ಒಳವ್ಯಾಸ) 10 ಮಿ.ಮೀ., ರಾಡ್ 4, ಸ್ಟ್ರೋಕ್ (ರಾಡ್ ಓಡುವ ದೂರ) 25. ಟ್ಯಾಂಕ್ 50 ಸಿಸಿ. ಸೈಕಲ್ ಪಂಪಲ್ಲಿ 100 ಪಿಎಸ್‌ಐ ಒತ್ತಡಕ್ಕೆ ತುಂಬಿಸಿದರೆ ಎರಡು ಸಲ ಸಲೀಸಾಗಿ ಮಡಚುತ್ತದೆ. ಮೂರನೇ ಸಲ ಎಡಗಾಲು ರೆಕ್ಕೆ ಹತ್ತಿರ ಹೋಗಿ, ಇನ್ನೊಂದು ಬೆರಳು ಬಾಕಿ ಇರುವಾಗ ನಡುಗುತ್ತಾ ನಿಂತುಬಿಡುತ್ತದೆ, ಆಗ ಗೇಜ್ 60 ತೋರಿಸುತ್ತದೆ. ಚಕ್ರ ಸೇರಿ ಒಂದು ಕಾಲು 200 ಗ್ರಾಂ, ಭಾರ ಕಾಲು ತಿರುಗುವ ಪಿನ್ನಿಂದ 12 ಸೆಂ.ಮೀ. ದೂರ. 12ರ ಬೋರ್ ತರಿಸಲಾ, ಇಲ್ಲ ಗಾಳಿಯನ್ನೇ ಜಾಸ್ತಿ ತುಂಬಿಸಲಾ?

ತುಂಗಾ ತೀರ, ತೀರ್ಥಹಳ್ಳಿ
ಗಾಳಿ ಜಾಸ್ತಿ ಮಾಡಬೇಡಿ ಮಾರಾಯ್ರೇ. ಟ್ಯಾಂಕಿಗೂ ವಾಲ್ವಿಗೂ ಹೇಳಿದ ಮಿತಿ ದಾಟಿದರೆ ಅಪಾಯ.

ಕಾಲು ಅಡ್ಡಕ್ಕೆ ಬಂದಾಗಲೇ ಭಾರ ಜಾಸ್ತಿ, ಅದೇ ಹೊತ್ತಿಗೆ ರಾಡ್ ಎಳೆಯುವ ಕೋನ ಕೆಡುತ್ತದೆ. ಅಲ್ಲಿ ಪಿನ್ನಿಂದ ರಾಡಿನ ಎಳೆತಕ್ಕೆ 8 ಮಿ.ಮೀ. ಅಂತರ ಉಳಿದರೆ 3 ಕೆಜಿ ಬಲ ಬೇಕು. ನಿಮ್ಮದು ಎಳೆದು ಮಡಚುವ ಜೋಡಣೆ ಆದರೆ ರಾಡಿನ ಜಾಗ ಕಳೆಯಬೇಕು: 10ರ ಬೋರ್ 100 ಪಿಎಸ್‌ಐಗೆ 4.6 ಕೆಜಿ ಎಳೆಯುತ್ತದೆ, 60ಕ್ಕೆ ಬರೀ 2.8. ಅದಕ್ಕೇ ಬಾಕಿ ಒಂದು ಬೆರಳು! 12ರದ್ದು 60ರಲ್ಲೂ 4.2 ಎಳೆಯುತ್ತದೆ. ಲೆಕ್ಕ ಯಾವಾಗಲೂ ಕೊನೆಯ ಒತ್ತಡಕ್ಕೇ ಹಾಕಬೇಕು, ತುಂಬಿಸಿದಾಗಿನದಕ್ಕಲ್ಲ.

ಕೂಳೆ ರನ್‌ವೇ, ಹೊಸನಗರ
ಲೆಕ್ಕ ಸರಿ, ಆದರೆ 12ರದ್ದು ಗಾಳಿ ಹೆಚ್ಚು ಕುಡಿಯುತ್ತದೆ. ಅದೇ ಟ್ಯಾಂಕಲ್ಲಿ ಮೂರನೇ ಸಲಕ್ಕೆ ಸುಮಾರು 50ಕ್ಕೆ ಇಳಿಯಬಹುದು, ಆಗ ಸಿಗುವುದು 3.5 ಕೆಜಿ. ಉಜ್ಜಾಟ, ಎದುರುಗಾಳಿ ಸೇರಿದರೆ ಅದು ಸಾಲದು. ಇನ್ನೊಂದು 50 ಸಿಸಿ ಟ್ಯಾಂಕನ್ನು ಟೀ (T ಆಕಾರದ ಟ್ಯೂಬ್ ಜಾಯಿಂಟ್) ಹಾಕಿ ಸೇರಿಸಿ.

ಆಮೇಲೆ ಪ್ರತಿ ಸಲ ಎಡಗಾಲೇ ನಿಲ್ಲುವುದಾದರೆ ಮೊದಲು ಅದನ್ನು ನೋಡಿ. ಕೊಯ್ಲಾದ ಗದ್ದೆಯಲ್ಲಿ ಇಳಿಸುತ್ತೀರಲ್ವಾ? ಕೂಳೆಗೆ ಚಕ್ರ ಬಡಿದು ನನ್ನದೊಂದು ಪಿನ್ ಕೂದಲೆಳೆಯಷ್ಟು ಬಗ್ಗಿತ್ತು, ಕಣ್ಣಿಗೆ ಕಾಣದು. ಟ್ಯೂಬ್ ಬಿಚ್ಚಿ ಕೈಯಲ್ಲೇ ಆಡಿಸಿದಾಗ ಬೆರಳಿಗೆ ಸಿಕ್ಕಿತು. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗಾಳಿ ಸೋರುತ್ತದಾ ಅಂತ ನೋಡುವುದನ್ನೂ ಮರೆಯಬೇಡಿ.

ಭದ್ರೆ ಮಗ, ಭದ್ರಾವತಿ
ನಮ್ಮ ಮಳೆಗಾಲದ ಥಂಡಿಯಲ್ಲಿ ಪಂಪ್ ಹೊಡೆದರೆ ಟ್ಯಾಂಕ್ ಒಳಗೆ ನೀರು ಕೂರುತ್ತದೆ. ಹಾರಿಸಿದ ದಿನವೇ ಗಾಳಿ ಪೂರ್ತಿ ಬಿಟ್ಟು, ಟ್ಯೂಬ್ ಕಳಚಿ ಬಾಯಿ ಕೆಳಗೆ ಮಾಡಿಡಿ. ಓ-ರಿಂಗ್‌ಗೆ (ಸಿಲಿಂಡರ್ ಒಳಗಿನ ರಬ್ಬರ್ ಬಳೆಗೆ) ಒಂದು ತೊಟ್ಟು ಸಿಲಿಕೋನ್ ಎಣ್ಣೆ ಸಾಕು, ಕೊಬ್ಬರಿ ಎಣ್ಣೆ ಬೇಡವೇ ಬೇಡ.

ಗದ್ದೆ ಪೈಲಟ್, ಸಾಗರ
ಕೈಯಲ್ಲಿ ಆಡಿಸಿದೆ. ಎಡಗಾಲು ಕೊನೆಯಲ್ಲಿ ಸ್ವಲ್ಪ ಹಿಡಿಯುತ್ತಿದೆ, ಪಿನ್ ತಿರುಗಿಸಿದರೆ ತುದಿ ಅಲುಗುತ್ತದೆ. ಇವತ್ತೇ ಪಿನ್ ಬದಲಿಸುತ್ತೇನೆ, 12ರ ಬೋರ್ ಮತ್ತು ಎರಡನೇ ಟ್ಯಾಂಕ್ ಆರ್ಡರ್ ಮಾಡಿದ್ದೇನೆ.