ವಿದೇಶಾಂಗ ವ್ಯವಹಾರಕ್ಕೆ ಪಳಗಿದವರೇ ಬೇಕೇ, ವಿವೇಚನೆ ಇದ್ದರೆ ಸಾಕೇ?

ಪ್ರಶ್ನೆ — ರಾಜ್ಯಶಾಸ್ತ್ರ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಭಾರತದ ವಿದೇಶಾಂಗ ನೀತಿಯ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ನನಗೇ ಸಮಾಧಾನವಾಗುವಂಥ ಉತ್ತರ ಕೊಡಲು ಆಗಲಿಲ್ಲ. ನೆಹರೂ ಅವರು 1947ರಿಂದಲೂ ವಿದೇಶಾಂಗ ಖಾತೆಯನ್ನು ತಾವೇ ಇಟ್ಟುಕೊಂಡಿದ್ದರು. ಅವರ ರಕ್ಷಣಾ ಸಚಿವ ಕೃಷ್ಣ ಮೆನನ್ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದವರು, ವಿಶ್ವಸಂಸ್ಥೆಯಲ್ಲಿ ಭಾರತದ ಪರ ವಾದಿಸಿ ಹೆಸರಾದವರು. ಇಷ್ಟೆಲ್ಲ ಅನುಭವವಿದ್ದ ಇಬ್ಬರೂ 1962ರಲ್ಲಿ ಚೀನಾ ಇಷ್ಟು ದೊಡ್ಡ ದಾಳಿಗೆ ಇಳಿಯುವುದಿಲ್ಲವೆಂದೇ ನಂಬಿ ಮೋಸಹೋದರು. ಇದಾದ ಮೂರೇ ವರ್ಷಕ್ಕೆ, ಅದುವರೆಗೆ ರೈಲ್ವೆ, ಗೃಹದಂಥ ಖಾತೆಗಳನ್ನು ನಿಭಾಯಿಸಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಜಮ್ಮುವಿನ ಛಂಬ್ ಕಡೆಯ ಒತ್ತಡವನ್ನು ಇಳಿಸಲು ಸೇನೆ ಗಡಿ ದಾಟಿ ಲಾಹೋರಿನ ಕಡೆಗೆ ಸಾಗಲಿ ಎಂದು ಒಪ್ಪಿಗೆ ಕೊಟ್ಟರು. "ಹಾಗಾದರೆ ಅನುಭವಕ್ಕೆ ಏನು ಬೆಲೆ, ಮೇಡಂ?" ಎಂಬುದು ಆ ಹುಡುಗಿಯ ಪ್ರಶ್ನೆ. ತಿಳಿದವರು ಉದಾಹರಣೆಗಳ ಸಹಿತ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ — ನಿವೃತ್ತ ಪತ್ರಕರ್ತ, ಮೈಸೂರು

ಮೇಡಂ, ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಆದರೆ ಅನುಭವವೆಂದರೆ ಕುರ್ಚಿಯಲ್ಲಿ ಕುಳಿತ ವರ್ಷಗಳ ಲೆಕ್ಕ ಎಂದುಕೊಂಡು ಹೊರಟರೆ ಉತ್ತರ ಸಿಗುವುದಿಲ್ಲ. ಅಮೆರಿಕದ ಒಂದು ಮತದಾನವನ್ನೇ ನೋಡಿ. ಇರಾಕಿನ ಮೇಲೆ ಯುದ್ಧ ಹೂಡಲು ಅಧ್ಯಕ್ಷ ಬುಷ್ ಅವರಿಗೆ ಅಧಿಕಾರ ಕೊಡುವ ನಿರ್ಣಯ 2002ರ ಅಕ್ಟೋಬರಿನಲ್ಲಿ ಸೆನೆಟ್ಟಿನ ಮುಂದೆ ಬಂದಾಗ ಪರವಾಗಿ 77, ವಿರುದ್ಧವಾಗಿ 23 ಮತಗಳು ಬಿದ್ದವು. ಆಗ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಜೋ ಬೈಡನ್ ಪರವಾಗಿ ಮತ ಹಾಕಿದರು. ಅದೇ ತಿಂಗಳು ಷಿಕಾಗೋದ ಸಭೆಯೊಂದರಲ್ಲಿ ಈ ಯುದ್ಧ ಬೇಡವೆಂದು ಮಾತನಾಡಿದ ಬರಾಕ್ ಒಬಾಮಾ ಅವರು ಆಗಿನ್ನೂ ಇಲಿನಾಯ್ ರಾಜ್ಯದ ಶಾಸನಸಭೆಯ ಸದಸ್ಯರಷ್ಟೇ. ವಿದೇಶಾಂಗ ವ್ಯವಹಾರದ ಗಂಧಗಾಳಿ ಇರುವ ಯಾವ ಹುದ್ದೆಯೂ ಅವರ ಕೈಯಲ್ಲಿರಲಿಲ್ಲ. ಆರು ವರ್ಷಗಳ ಬಳಿಕ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ಅನುಭವ ಸಾಲದು ಎಂದವರಿಗೆ ಒಬಾಮಾ ಮುಂದಿಟ್ಟದ್ದು ಈ ಭಾಷಣವನ್ನೇ.

ಇಲ್ಲಿಗೆ ನಿಲ್ಲಿಸಿದರೆ ವಿವೇಚನೆ ಗೆದ್ದಿತು, ಅನುಭವ ಸೋತಿತು ಎನ್ನಬಹುದು. ಆದರೆ ವಿರುದ್ಧವಾಗಿ ಬಿದ್ದ ಆ 23 ಮತಗಳಲ್ಲಿ ರಾಬರ್ಟ್ ಬರ್ಡ್ ಅವರದೂ ಒಂದು. ಅವರು 1959ರಿಂದ ಸೆನೆಟ್ಟಿನಲ್ಲಿದ್ದವರು. ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿಕೊಟ್ಟ 1964ರ ಟಾಂಕಿನ್ ನಿರ್ಣಯ 88ಕ್ಕೆ 2 ಮತಗಳಿಂದ ಅಂಗೀಕಾರವಾದಾಗ ಪರವಾಗಿ ಮತ ಹಾಕಿ, ಜೀವನದುದ್ದಕ್ಕೂ ಅದಕ್ಕಾಗಿ ಪಶ್ಚಾತ್ತಾಪಪಟ್ಟವರು. 2002ರಲ್ಲಿ ಅವರು ಎದ್ದುನಿಂತು ಆ ಹಳೆಯ ತಪ್ಪನ್ನು ಸದನಕ್ಕೆ ನೆನಪಿಸಿದರು. ಅನುಭವ ವಿವೇಚನೆಯಾಗಿ ಮಾಗುವುದೆಂದರೆ ನನ್ನ ಪ್ರಕಾರ ಇದು. ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಅವರದೂ ವಿರುದ್ಧ ಮತವೇ. ಮತದಾನಕ್ಕೆ ಮುಂಚೆ ಇರಾಕಿನ ಶಸ್ತ್ರಾಸ್ತ್ರಗಳ ಬಗೆಗಿನ ಸುಮಾರು 90 ಪುಟಗಳ ರಹಸ್ಯ ವರದಿಯೊಂದನ್ನು ಸೆನೆಟರುಗಳು ಓದಿನೋಡಲು ಇಡಲಾಗಿತ್ತು. ಅದನ್ನು ಓದಿದ್ದರಿಂದಲೇ ತಮಗೆ ಸಂಶಯ ಬಂದದ್ದು ಎಂದು ಗ್ರಹಾಂ ಅನಂತರ ಹೇಳಿದ್ದಾರೆ. ಹೆಚ್ಚಿನವರು ಆ ವರದಿಯನ್ನು ತೆರೆದೂ ನೋಡಿರಲಿಲ್ಲ ಎಂಬುದನ್ನು ತಿಳಿದಾಗ ನನಗಂತೂ ಬಹಳ ಸಂಕಟವಾಯಿತು.

ಉತ್ತರ — ಇತಿಹಾಸ ಸಂಶೋಧನಾರ್ಥಿ, ಧಾರವಾಡ

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೂ ನಾಯಕನ ಅನುಭವದ ಜೊತೆಗೆ, ಅವನ ಸುತ್ತ ಇರುವವರ ಅನುಭವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಧಿಕಾರಕ್ಕೆ ಬಂದು ಮೂರು ತಿಂಗಳೂ ತುಂಬದಿದ್ದ ಅಮೆರಿಕದ ಅಧ್ಯಕ್ಷ ಕೆನಡಿಯವರು 1961ರ ಏಪ್ರಿಲ್‌ನಲ್ಲಿ, 1953ರಿಂದ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥರಾಗಿದ್ದ ಆಲೆನ್ ಡಲ್ಲೆಸ್ ಅವರಂಥ ಪಳಗಿದವರ ಮಾತು ನಂಬಿ, ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು ಸುಮಾರು 1,400 ಮಂದಿ ಕ್ಯೂಬಾ ನಿರಾಶ್ರಿತರನ್ನು ಕ್ಯೂಬಾದ ಹಂದಿಗಳ ಕೊಲ್ಲಿಯಲ್ಲಿ ಇಳಿಸಲು ಒಪ್ಪಿದರು. ಮೂರು ದಿನದೊಳಗೆ ಆ ಪಡೆ ಸೋತು ಶರಣಾಯಿತು.

ಒಂದೂವರೆ ವರ್ಷದ ಬಳಿಕ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಪತ್ತೆಯಾದಾಗ ಅದೇ ಕೆನಡಿ ಬೇರೆ ರೀತಿಯಲ್ಲಿ ನಡೆದುಕೊಂಡರು. ಟ್ರೂಮನ್ ಕಾಲದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್, ಸಲಹೆಗಾರರ ಸಭೆಯ ಕೋಣೆಯಲ್ಲಿದ್ದವರ ಪೈಕಿ ಬಹುಶಃ ಎಲ್ಲರಿಗಿಂತ ಹಿರಿಯ ಅನುಭವಿ, ಕೂಡಲೇ ವಿಮಾನ ದಾಳಿ ಮಾಡಿ ಎಂದರು. ಕೆನಡಿ ಒಪ್ಪಲಿಲ್ಲ. ಅಕ್ಟೋಬರ್ 27ರಂದು, ಮಾತುಕತೆಯಿಂದ ಕ್ಷಿಪಣಿಗಳು ಹೋಗುವಂತೆ ಕಾಣುವುದಿಲ್ಲ ಎಂದು ಕೆನಡಿ ನಿರಾಶರಾಗಿ ನುಡಿದಾಗ, ಅದನ್ನು ನೇರವಾಗಿ ಅಲ್ಲಗಳೆದವರು ಲ್ಯೂವೆಲಿನ್ ಥಾಂಪ್ಸನ್. ಐದು ವರ್ಷ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದು, ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ಹತ್ತಿರದಿಂದ ಬಲ್ಲವರು. "ನಾನು ಕ್ಯೂಬಾವನ್ನು ಉಳಿಸಿದೆ" ಎಂದು ತನ್ನ ಜನರ ಮುಂದೆ ಹೇಳಿಕೊಳ್ಳಲು ಅವಕಾಶ ಸಿಕ್ಕರೆ ಕ್ರುಶ್ಚೇವ್ ಹಿಂದೆ ಸರಿದಾರು ಎಂಬುದು ಅವರ ವಾದದ ತಿರುಳಾಗಿತ್ತು. ಈ ಸಂಭಾಷಣೆ ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಇಬ್ಬರು ಅನುಭವಿಗಳು ಎರಡು ದಿಕ್ಕಿಗೆ ಎಳೆಯುತ್ತಿದ್ದಾಗ ಯಾರ ಅನುಭವ ಈ ಗಳಿಗೆಗೆ ಸಲ್ಲುತ್ತದೆ ಎಂದು ಗುರುತಿಸುವುದು ಕೆನಡಿಯವರ ಪಾಲಿಗೆ ಬಂದಿತು. ಥಾಂಪ್ಸನ್ ಆ ಕೋಣೆಯಲ್ಲಿ ಇರದಿದ್ದರೆ ಬರಿಯ ವಿವೇಚನೆಯಿಂದ ಆ ದಾರಿ ಹೊಳೆಯುತ್ತಿತ್ತೇ ಎಂಬುದು ನನಗೆ ಅನುಮಾನ.

ಉತ್ತರ — ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್, ಮಂಡ್ಯ

ನಮ್ಮ ಜಿಲ್ಲೆಗಳಿಗೆ ಹತ್ತಿರದ ಉದಾಹರಣೆಯೊಂದನ್ನು ಹೇಳುತ್ತೇನೆ. ಮೇಡಂ, ತಮ್ಮ ಊರಿನ ಮಕ್ಕಳಿಗೆ ಇದು ಬೇಗ ಅರ್ಥವಾದೀತು. ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ, ವಿದೇಶಾಂಗ ವ್ಯವಹಾರ ಇವರಿಗೇನು ಗೊತ್ತು ಎಂದು ದೆಹಲಿಯಲ್ಲಿ ಆಡಿಕೊಂಡವರು ಕಡಿಮೆಯಲ್ಲ. ಅದೇ ವರ್ಷ ಡಿಸೆಂಬರ್ 12ರಂದು ಅವರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೂ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನ ಬಳಿ ಗಂಗೆಯ ನೀರು ಹಂಚಿಕೊಳ್ಳುವ 30 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. 1975ರಲ್ಲಿ ಆ ಬ್ಯಾರೇಜು ಬಳಕೆಗೆ ಬಂದಾಗಿನಿಂದ ಎಷ್ಟೋ ಸರ್ಕಾರಗಳು ಅಲ್ಪಾವಧಿಯ ಏರ್ಪಾಟುಗಳಲ್ಲೇ ದಿನ ದೂಡಿದ್ದ ವಿವಾದ ಅದು.

ಗೌಡರು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿದವರು, ರಾಜ್ಯದಲ್ಲಿ ನೀರಾವರಿ ಸಚಿವರಾಗಿದ್ದವರು, ಮುಖ್ಯಮಂತ್ರಿಯಾಗಿ ಕಾವೇರಿಯ ಸಂಕಟವನ್ನು ತಲೆಯ ಮೇಲೆ ಹೊತ್ತವರು. ಬೇಸಿಗೆಯಲ್ಲಿ ನಾಲೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟದಿದ್ದರೆ ಏನಾಗುತ್ತದೆ ಎಂದು ಬಲ್ಲವರಿಗೆ, ಕೆಳಗಿನ ದೇಶದ ಅಳಲು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೇನೆ. ಹಾಗೆಂದು ಇದು ಅವರೊಬ್ಬರ ಕೆಲಸವಲ್ಲ. ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಹಿಂದೆ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದವರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ತಾವೇ ಢಾಕಾಕ್ಕೆ ಹೋಗಿ ಹಾದಿ ಸುಗಮ ಮಾಡಿದರು. ಮರುವರ್ಷದ ಬೇಸಿಗೆಯಲ್ಲೇ ಹರಿವು ಕುಸಿದು ಬಾಂಗ್ಲಾದೇಶ ಆಕ್ಷೇಪಿಸಿತು, ಆದರೂ ಒಪ್ಪಂದ ಮುರಿದುಬೀಳಲಿಲ್ಲ.

ಮರುಪ್ರಶ್ನೆ — ಉಪನ್ಯಾಸಕಿ, ಹಾಸನ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬರ್ಡ್ ಅವರ ಎರಡು ಮತಗಳನ್ನೂ ಫರಕ್ಕಾ ಒಪ್ಪಂದವನ್ನೂ ನಾಳೆಯೇ ತರಗತಿಗೆ ಒಯ್ಯುತ್ತೇನೆ. ಎಂಜಿನಿಯರ್ ಸರ್, ಹಂಚಿಕೆಯ ಸೂತ್ರವನ್ನು ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ತೋರಿಸುವಷ್ಟು ಸರಳವಾಗಿ ತಿಳಿಸಬಹುದೇ?

ಉತ್ತರ — ಎಂಜಿನಿಯರ್, ಮಂಡ್ಯ

ಖಂಡಿತ. ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಲೆಕ್ಕ. ಫರಕ್ಕಾದಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಅರ್ಧರ್ಧ. 70,000ದಿಂದ 75,000ದವರೆಗೆ ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. 75,000 ಮೀರಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಡುಬೇಸಿಗೆಯಲ್ಲಿ ಮಾತ್ರ ಒಂದು ಸರದಿ ಅವರಿಗೆ, ಮುಂದಿನ ಸರದಿ ನಮಗೆ 35,000 ಕ್ಯೂಸೆಕ್ ಖಾತರಿ. ನಮ್ಮ ನಾಲೆಗಳಲ್ಲಿ ವಾರಾಬಂದಿ (ಸರದಿಯಂತೆ ನೀರು ಬಿಡುವ ಕ್ರಮ) ಕಟ್ಟಿದ ಹಾಗೆಯೇ ಎಂದರೆ ಹಾಸನದ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಲಿಕ್ಕಿಲ್ಲ.