‘ಅಜ್ಜಿ ಮನೆ ಬಳಗ’ ಗುಂಪಿನಲ್ಲಿ ಇನ್ವೋಕರ್ ಜಗಳ

ಚಿಕ್ಕಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ತಂದೆ ತಾಯಂದಿರೇ ಎಚ್ಚರ!! ಡೋಟಾ ಎಂಬ ಆಟದಲ್ಲಿ ಇನ್ವೋಕರ್ ಎಂಬ ಮಾಂತ್ರಿಕ ಇದ್ದಾನೆ. ಇವನನ್ನು ಕಲಿಯಲು ಹೋದ ಹುಡುಗರು ಊಟ ನಿದ್ದೆ ಬಿಟ್ಟು ಒಬ್ಬೊಬ್ಬರೇ ಮಾತಾಡಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಈ ಆಟವನ್ನು ಮಾನಸಿಕ ಕಾಯಿಲೆ ಎಂದು ಘೋಷಿಸಿದೆ. ನಿಮ್ಮ ಮಕ್ಕಳ ಬೆರಳು ಸದಾ ಅಲ್ಲಾಡುತ್ತಿದ್ದರೆ ಕೂಡಲೇ ಡಾಕ್ಟರಿಗೆ ತೋರಿಸಿ. ಎಲ್ಲ ಗುಂಪಿಗೂ ಕಳಿಸಿ 🙏🙏🙏

ಚಿಕ್ಕಪ್ಪ: ನಮ್ಮ ಅನಿ ಆಡುವುದು ಇದೇ ಅಲ್ವಾ? ಗೃಹಪ್ರವೇಶದ ದಿನ ಎಲೆ ಮುಂದೆ ಕೂತು ಬೆರಳು ಕುಣಿಸುತ್ತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

ಸುಧಾ ಅತ್ತೆ: ಅಯ್ಯೋ ದೇವರೇ. ನಾನೂ ನೋಡಿದೆ. ಪಾಯಸ ಬಡಿಸಿದರೂ ಅವನಿಗೆ ಗೊತ್ತಾಗಲಿಲ್ಲ.

ರಾಘಣ್ಣ: ಇದರ ಮೂಲ ಯಾವುದು ಚಿಕ್ಕಪ್ಪ?

ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಲ್ಲಿ ಬಂತು. ಅಲ್ಲಿ ಒಬ್ಬರು ರಿಟೈರ್ಡ್ ಡಾಕ್ಟರ್ ಇದ್ದಾರೆ.

ರಾಘಣ್ಣ: ಬರೆದವರು ಡಾಕ್ಟರಾ, ಇಲ್ಲ ಡಾಕ್ಟರ್ ಇರುವ ಗುಂಪಲ್ಲಿ ಬಂತಾ?

ಚಿಕ್ಕಪ್ಪ: ನಿನಗೆ ಎಲ್ಲದಕ್ಕೂ ಮೂಲ ಬೇಕು. ದೊಡ್ಡವರು ಒಳ್ಳೆಯದಕ್ಕೆ ಹೇಳುತ್ತಾರೆ ಅನ್ನುವ ಮರ್ಯಾದೆ ಇಲ್ಲ.

ರಾಘಣ್ಣ: 2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಅಂತ ಕಳಿಸಿದ್ದೂ ಅದೇ ವಾಕಿಂಗ್ ಗುಂಪಿನಿಂದ. ಅಜ್ಜಿ ಪಾಪ ನೋಟನ್ನು ಕಿಟಕಿ ಬೆಳಕಿಗೆ ಹಿಡಿದು ಹಿಡಿದು ನೋಡಿದ್ದರು.

ಚಿಕ್ಕಪ್ಪ: ಅದನ್ನು ಟಿವಿಯಲ್ಲೇ ಹೇಳಿದ್ದರು. ನಾನೊಬ್ಬನೇ ಹೇಳಿದ್ದಲ್ಲ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ವಿದ್ಯಾರ್ಥಿ ಆದವನಿಗೆ ಓದೇ ತಪಸ್ಸು. ಮನಸ್ಸು ಒಂದು ಕಡೆ ನಿಲ್ಲಬೇಕು. ನಮ್ಮ ಕಾಲದಲ್ಲಿ ಬೀದಿ ದೀಪದ ಕೆಳಗೆ ಓದಿದೆವು.

ವಿಜಿ: ದೊಡ್ಡಪ್ಪ, ಆ ಬೀದಿ ದೀಪದ ಕೆಳಗೆ ನಾವು ಬೇಸಿಗೆ ರಜೆಯಲ್ಲಿ ಚೌಕಾಬಾರ ಆಡುತ್ತಿದ್ದೆವು, ನೆನಪಿದೆಯಾ? ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು. ಅಜ್ಜಿ ಕವಡೆ ಹಾಕಿದರೆ ಬೇಕಾದಾಗ ಚೌಕ ಬೀಳುತ್ತಿತ್ತು 😄

ಸುಧಾ ಅತ್ತೆ: ಆ ಕವಡೆ ಈಗ ಯಾರ ಮನೆಯಲ್ಲಿದೆ? ಪಾಲು ಮಾಡುವಾಗ ಹಿತ್ತಾಳೆ ಡಬ್ಬಿ ಸಮೇತ ಕಾಣಲಿಲ್ಲ.

ಅಮ್ಮ: ನನ್ನನ್ನು ಯಾಕೆ ಕೇಳುತ್ತೀರಿ.

ಸುಧಾ ಅತ್ತೆ: ನಾನು ಯಾರ ಹೆಸರೂ ಹೇಳಲಿಲ್ಲ ಅತ್ತಿಗೆ.

ರಾಘಣ್ಣ: ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ಯಾವ ಆಟವನ್ನೂ ಕಾಯಿಲೆ ಎಂದು ಹೇಳಿಲ್ಲ. ಅವರ ಕಾಯಿಲೆಗಳ ಪಟ್ಟಿ ಐಸಿಡಿ-11ಕ್ಕೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ, ನಿಜ. ಆದರೆ ಅದಕ್ಕೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಬದುಕು ಹಾಳಾಗುತ್ತಿದ್ದರೂ ಬಿಡಲು ಆಗದಂತಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳು. ಬೆರಳು ಅಲ್ಲಾಡುವ ಮಾತು ಎಲ್ಲೂ ಇಲ್ಲ.

ಚಿಕ್ಕಪ್ಪ: ಸರ್ಕಾರವೇ ಆನ್‌ಲೈನ್ ಆಟ ಬ್ಯಾನ್ ಮಾಡಿತಲ್ಲ ಮತ್ತೆ?

ರಾಘಣ್ಣ: 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ದುಡ್ಡು ಕಟ್ಟಿ ಆಡುವ ಆಟಗಳಿಗೆ. ಇ-ಸ್ಪೋರ್ಟ್ಸ್‌ಗೆ (ಪಂದ್ಯವಾಗಿ ಆಡುವ ವಿಡಿಯೋ ಆಟಕ್ಕೆ) ಅದೇ ಕಾನೂನು ಮಾನ್ಯತೆ ಕೊಟ್ಟಿದೆ. ತಲೆಬರಹ ಮಾತ್ರ ಓದಿದರೆ ಹೀಗೇ.

ಚಿಕ್ಕಪ್ಪ: ನೀನು ಮಾತಾಡುವ ರೀತಿ ಸರಿ ಇಲ್ಲ ರಾಘು. ನಿನ್ನ ಮದುವೆಗೆ ಛತ್ರ ಹುಡುಕಲು ಓಡಾಡಿದ್ದು ನಾನು.

ಸುಧಾ ಅತ್ತೆ: ನನಗೆ ಒಂದು ಮಾತು ಹೇಳಲೇಬೇಕು. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಬ್ಯಾನ್ ಆದಾಗ ನನ್ನ ಮಗ ಊಟ ಬಿಟ್ಟು ಕೂತಿದ್ದ. ಆಗ ಇದೇ ಗುಂಪಲ್ಲಿ ನೀವೆಲ್ಲ ಚಪ್ಪಾಳೆ ಹಾಕಿದಿರಿ. ಅತ್ತಿಗೆ ‘ಒಳ್ಳೆಯದಾಯಿತು’ ಅಂತ ಬರೆದರು. ಈಗ ಅನಿ ವಿಷಯ ಬಂದರೆ ಕಾನೂನು, ಮೂಲ ಎಲ್ಲ ಬಂತು.

ಅಮ್ಮ: ಅದು ಚೀನಾ ಆ್ಯಪ್ ಹೋಯಿತು ಅಂತ ಬರೆದಿದ್ದು ಸುಧಾ.

ಸುಧಾ ಅತ್ತೆ: ಸ್ಕ್ರೀನ್‌ಶಾಟ್ ಇದೆ.

ನಾನು: ಅತ್ತೆ, ನಿಮಗೆ ಬೇಜಾರಾಗಿದ್ದು ಸರಿ. ಆಗ ಅವನ ಜೊತೆ ಯಾರೂ ಕೂತು ಮಾತಾಡಲಿಲ್ಲ. ಈಗ ಅನಿಗೂ ಅದೇ ಆಗುತ್ತಿದೆ. ಈ ಗುಂಪಲ್ಲಿ ಒಬ್ಬರಾದರೂ ಅವನು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೀರಾ? ನಾನು ನೋಡಿದ್ದೇನೆ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು: ಡೋಟಾ 2ರಲ್ಲಿ ಐದು ಜನರ ಎದುರು ಐದು ಜನ. ಆರಿಸಿಕೊಳ್ಳಲು 120ಕ್ಕೂ ಜಾಸ್ತಿ ಹೀರೋಗಳು. ಹೆಚ್ಚಿನವರಿಗೆ ನಾಲ್ಕೈದು ಶಕ್ತಿ ಇರುತ್ತದೆ, ಒಂದೊಂದಕ್ಕೆ ಒಂದೊಂದು ಕೀ. ಇನ್ವೋಕರ್‌ಗೆ ಹಾಗಲ್ಲ. ಅವನ ಹತ್ತಿರ ಕ್ವಾಸ್, ವೆಕ್ಸ್, ಎಕ್ಸಾರ್ಟ್ ಎಂಬ ಮೂರು ಗೋಲಿ. ಕ್ಯೂ, ಡಬ್ಲ್ಯೂ, ಇ ಕೀಗಳು. ಯಾವುದಾದರೂ ಮೂರು ಸಲ ಒತ್ತಿ, ಆಮೇಲೆ ಆರ್ ಒತ್ತಿದರೆ ಒಂದು ಮಂತ್ರ ಸಿದ್ಧ. ಹೀಗೆ ಒಟ್ಟು 10 ಮಂತ್ರ. ಒಂದು ಸಲಕ್ಕೆ ಕೈಯಲ್ಲಿ ಎರಡೇ ಇರುತ್ತವೆ. ಮೂರನೆಯದನ್ನು ಕರೆದರೆ ಹಳೆಯದು ಹೋಯಿತು. ಕ್ಯೂ ಕ್ಯೂ ಡಬ್ಲ್ಯೂ ಅಂದರೆ ಗೋಸ್ಟ್ ವಾಕ್, ಮಾಯವಾಗಿ ತಪ್ಪಿಸಿಕೊಳ್ಳಬಹುದು. ಹೆದರಿ ಕೊನೆಯ ಬೆರಳು ಜಾರಿ ಕ್ಯೂ ಕ್ಯೂ ಇ ಆದರೆ ಐಸ್ ವಾಲ್. ಓಡಬೇಕಾದವನು ಗೋಡೆ ಕಟ್ಟಿಕೊಂಡು ನಿಂತು ಸಾಯುತ್ತಾನೆ. ಅನಿ ಹಾಗೆ ಸತ್ತು ಸತ್ತು ಕಲಿತ. ನನಗೆ ಅವನ ಮೇಲೆ ಹೆಮ್ಮೆ ಇದೆ.

ವಿಜಿ: 10 ಹೇಗೆ? ಮೂರು ಗೋಲಿ, ಮೂರು ಸಲ, 27 ಬರಬೇಕಲ್ಲ.

ರಾಘಣ್ಣ: ಯಾವುದು ಮೊದಲು ಅನ್ನುವುದು ಲೆಕ್ಕಕ್ಕಿಲ್ಲ. ಅದಕ್ಕೇ 10. ಕ್ರಮ ಲೆಕ್ಕಕ್ಕೆ ಬಂದರೆ 27.

ಅನಿ: ಹಳೆಯ ಡೋಟಾದಲ್ಲಿ ಮೊದಮೊದಲು ನಿಜವಾಗಿಯೂ 27 ಇದ್ದವು. ಆಮೇಲೆ ಕಡಿಮೆ ಮಾಡಿದರು.

ಚಿಕ್ಕಪ್ಪ: ಓಹೋ ಇದ್ದೀಯಾ. ಎಲೆ ಮುಂದೆ ಬೆರಳು ಯಾಕೆ ಕುಣಿಸುತ್ತಿದ್ದೆ ಹೇಳು ಮತ್ತೆ.

ಅನಿ: ಚಿಕ್ಕಪ್ಪ, ಅದು ಒಂದು ಕಾಂಬೋ, ಅಂದರೆ ಒಂದರ ಹಿಂದೆ ಒಂದು ಹೊಡೆತ. ಯೂಲ್ಸ್ ಅಂತ ಒಂದು ವಸ್ತು ಇದೆ. ಅದನ್ನು ಎದುರಾಳಿ ಮೇಲೆ ಹಾಕಿದರೆ ಅವನು 2.5 ಸೆಕೆಂಡ್ ಗಾಳಿಯಲ್ಲಿ ಸುತ್ತುತ್ತಾನೆ. ಆಗ ಏನು ಹೊಡೆದರೂ ತಾಗುವುದಿಲ್ಲ, ಕೆಳಗೆ ಬಿದ್ದ ಕೂಡಲೇ ತಾಗಬೇಕು. ಸನ್ ಸ್ಟ್ರೈಕ್ ಅನ್ನುವ ಮಂತ್ರ ಒತ್ತಿದ 1.7 ಸೆಕೆಂಡ್ ಆದ ಮೇಲೆ ಬೀಳುತ್ತದೆ. ಅಂದರೆ ಅವನು ಮೇಲೆ ಹೋದ 0.8 ಸೆಕೆಂಡಿಗೆ ಒತ್ತಬೇಕು. ಕೇಯಾಸ್ ಮೀಟಿಯರ್ ಅನ್ನುವ ಉಲ್ಕೆ ಮಂತ್ರ ಇಳಿಯಲು 1.3 ಸೆಕೆಂಡ್, ಅದನ್ನು 1.2ಕ್ಕೆ. ಎರಡನ್ನೂ ಮೊದಲೇ ಕರೆದು ಇಟ್ಟುಕೊಂಡಿರಬೇಕು. ಅದಾದ ತಕ್ಷಣ ಕ್ಯೂ ಡಬ್ಲ್ಯೂ ಇ ಆರ್, ಡೆಫನಿಂಗ್ ಬ್ಲಾಸ್ಟ್. ಅದು ಅವನನ್ನು ಉರುಳುವ ಉಲ್ಕೆಯ ದಾರಿಯಲ್ಲೇ ತಳ್ಳುತ್ತದೆ. ಗಡಿಯಾರ ನೋಡಲು ಆಗುವುದಿಲ್ಲ, ಬೆರಳಿಗೇ ಗೊತ್ತಿರಬೇಕು. ಅದನ್ನೇ ಅಭ್ಯಾಸ ಮಾಡುತ್ತಿದ್ದೆ.

ಅನಿ: ಪಾಯಸ ತಿಂದೆ ಅತ್ತೆ. ಎರಡು ಸಲ ಹಾಕಿಸಿಕೊಂಡೆ.

ದೊಡ್ಡಪ್ಪ: ಇರು. ಕ್ಯೂ ಯಾವ ಬೆರಳಲ್ಲಿ ಒತ್ತುತ್ತೀಯ?

ಅನಿ: ಉಂಗುರ ಬೆರಳು ದೊಡ್ಡಪ್ಪ. ಡಬ್ಲ್ಯೂ ನಡುಬೆರಳು. ಇ ಮತ್ತು ಆರ್ ತೋರುಬೆರಳು.

ದೊಡ್ಡಪ್ಪ: ತಪ್ಪು. ಕ್ಯೂ ಎಡಗೈ ಕಿರುಬೆರಳಿಗೆ. ಡಬ್ಲ್ಯೂ ಉಂಗುರ ಬೆರಳು, ಇ ನಡುಬೆರಳು, ಆರ್ ತೋರುಬೆರಳು. ನಾನು ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸ್ ಮಾಡಿದವನು. ನಮ್ಮ ಮೇಷ್ಟ್ರು ಕೈ ಮೇಲೆ ಟವೆಲ್ ಹೊದಿಸಿ ಟೈಪ್ ಮಾಡಿಸುತ್ತಿದ್ದರು, ಕೀ ನೋಡಬಾರದು ಅಂತ. ನಾನೂ ಬಸ್ಸಿನಲ್ಲಿ ತೊಡೆ ಮೇಲೆ ಎ ಎಸ್ ಡಿ ಎಫ್ ಕುಟ್ಟಿಕೊಂಡು ಹೋಗುತ್ತಿದ್ದೆ.

ನಾನು: ದೊಡ್ಡಪ್ಪ, ಅನಿ ಮಾಡುತ್ತಿದ್ದದ್ದೂ ಅದೇ ಅಲ್ವಾ?

ದೊಡ್ಡಪ್ಪ: ನನ್ನದರಿಂದ ಕೆಲಸ ಸಿಕ್ಕಿತಮ್ಮ. ಇವನದರಿಂದ ಏನು ಸಿಗುತ್ತದೆ?

ವಿಜಿ: ದೊಡ್ಡಪ್ಪ, 2021ರಲ್ಲಿ ಬುಕಾರೆಸ್ಟ್‌ನಲ್ಲಿ ನಡೆದ ಡೋಟಾದ ದಿ ಇಂಟರ್‌ನ್ಯಾಷನಲ್ ಪಂದ್ಯಾವಳಿಯ ಒಟ್ಟು ಬಹುಮಾನ 4 ಕೋಟಿ ಡಾಲರ್! ನಮ್ಮ ದೇಶದ ತಂಡ 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್‌ನಲ್ಲಿ ಇದೇ ಡೋಟಾಗೆ ಕಂಚು ತಂದಿದೆ.

ಚಿಕ್ಕಪ್ಪ: ಡಾಲರಾ?? ಅನಿ, ನೀನು ಯಾವ ಮಟ್ಟದಲ್ಲಿದ್ದೀಯ?

ರಾಘಣ್ಣ: ಚಿಕ್ಕಪ್ಪ, ಅಷ್ಟು ಬೇಗ ಬದಲಾಗಬೇಡಿ. ಆ ದುಡ್ಡು ಬೆರಳೆಣಿಕೆಯ ಜನಕ್ಕೆ. 2023ರಲ್ಲಿ ಅದೇ ಪಂದ್ಯಾವಳಿಯ ಬಹುಮಾನ ಸುಮಾರು 30 ಲಕ್ಷ ಡಾಲರಿಗೆ ಇಳಿದಿತ್ತು.

ಅನಿ: ನಾನು ದುಡ್ಡಿಗೆ ಆಡುವುದಿಲ್ಲ ಚಿಕ್ಕಪ್ಪ. ನನಗೆ ಅವನು ಕಷ್ಟ ಅನ್ನುವುದೇ ಇಷ್ಟ. ಸೋತರೂ ಯಾಕೆ ಸೋತೆ ಅಂತ ರೀಪ್ಲೇ ನೋಡಿದರೆ ಗೊತ್ತಾಗುತ್ತದೆ.

ಅಮ್ಮ: ಎಲ್ಲ ಸರಿ. ಊಟಕ್ಕೆ ಕರೆದರೆ ಯಾಕೆ ಏಳುವುದಿಲ್ಲ ಅದನ್ನು ಹೇಳು. ಸಾರು ಮೂರು ಸಲ ಬಿಸಿ ಮಾಡುತ್ತೇನೆ.

ನಾನು: ಅಮ್ಮ ಹೇಳುವುದು ನ್ಯಾಯ. ಒಂದು ಪಂದ್ಯ ಮುಕ್ಕಾಲು ಗಂಟೆ ಹಿಡಿಯಬಹುದು. ನಡುವೆ ಎದ್ದರೆ ಉಳಿದ ನಾಲ್ವರ ಆಟ ಹಾಳು, ಬಿಟ್ಟು ಹೋದವನಿಗೆ ದಂಡವೂ ಇದೆ. ಅದಕ್ಕೆ ಅನಿ, ಊಟದ ಹೊತ್ತಿಗೆ ಒಂದು ಗಂಟೆ ಇರುವಾಗ ಹೊಸ ಪಂದ್ಯ ಶುರು ಮಾಡಬೇಡ. ರಾತ್ರಿ ಹನ್ನೊಂದರ ಮೇಲೆ ಬೇಡವೇ ಬೇಡ. ನಿದ್ದೆಗೆಟ್ಟವನ ಬೆರಳಿಗೆ 0.8 ಸೆಕೆಂಡ್ ಹೇಗೆ ಸಿಗುತ್ತದೆ?

ಅನಿ: ಸರಿ ಅಕ್ಕ.

ಸುಧಾ ಅತ್ತೆ: ನನ್ನ ಮಗನಿಗೆ ಆಗ ಹೀಗೆ ಯಾರೂ ಹೇಳಲಿಲ್ಲ. ಎಲ್ಲರೂ ನನ್ನನ್ನೇ ಬೈದಿರಿ.

ರಾಘಣ್ಣ: ನಿಜ ಅತ್ತೆ. ಯಾರಿಗಾದರೂ ನಿಜವಾಗಿ ಕೈಮೀರಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ಮೊಬೈಲ್, ಆಟದ ಚಟಕ್ಕೇ ಅಂತ. ಫಾರ್ವರ್ಡ್ ಮಾಡುವುದಾದರೆ ಅದನ್ನು ಮಾಡಿ.

ದೊಡ್ಡಪ್ಪ: ಅನಿ, ಕಿರುಬೆರಳು ಸುಮ್ನೆ ಯಾಕೆ ಇಟ್ಟಿದ್ದೀಯ? ನಾಲ್ಕು ಬೆರಳಿಗೆ ನಾಲ್ಕು ಕೀ. ಜಾರುವುದೇ ಇಲ್ಲ.

ಅನಿ: ಕಿರುಬೆರಳು ಶಿಫ್ಟ್, ಕಂಟ್ರೋಲ್ ಕೀಗೆ ಬೇಕು ದೊಡ್ಡಪ್ಪ.

ದೊಡ್ಡಪ್ಪ: ಶಿಫ್ಟ್ ಬಲಗೈಯಲ್ಲೂ ಇದೆ.

ಅನಿ: ಬಲಗೈಯಲ್ಲಿ ಮೌಸ್.

ದೊಡ್ಡಪ್ಪ: ಭಾನುವಾರ ಬರುತ್ತೇನೆ. ತೋರಿಸು.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ: ತೆಗೆದಿದ್ದೇನೆ ರಾಘು. ಸಮಾಧಾನ ಆಯಿತಾ? ಛತ್ರದ ವಿಷಯ ಮಾತ್ರ ಮರೆಯುವುದಿಲ್ಲ.

ಸುಧಾ ಅತ್ತೆ: ಅಯ್ಯೋ, ನಾನು ಬೆಳಿಗ್ಗೆಯೇ ನಮ್ಮ ಭಜನೆ ಗುಂಪಿಗೆ ಕಳಿಸಿಬಿಟ್ಟೆ.

ರಾಘಣ್ಣ: ಅಲ್ಲೂ ತೆಗೆಯಿರಿ ಅತ್ತೆ, ಈಗಲೇ.

ಸುಧಾ ಅತ್ತೆ: ತೆಗೆದು ಏನು ಮಾಡಲಿ. ಅಲ್ಲಿ ಒಬ್ಬರು ಆಗಲೇ ಮೊಮ್ಮಗನ ಕಂಪ್ಯೂಟರ್ ವೈರ್ ಕಿತ್ತು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದಾರಂತೆ.

ನಾನು: ಅವರ ನಂಬರ್ ಕೊಡಿ ಅತ್ತೆ. ನಾನು ಮಾತಾಡುತ್ತೇನೆ.