ಹೊಸ ಮನೆ ತಾರಸಿ ಮೊದಲ ಮಳೆಗೇ ಸೋರುತ್ತಿದೆ: ಕೆಲಸ ಕೆಟ್ಟಿದೆಯಾ, ಇಲ್ಲಾ ಇದು ಮಾಮೂಲಾ?

ತುಮಕೂರು_ಟೀಚರ್

ಎಲ್ಲರಿಗೂ ನಮಸ್ಕಾರ. 30x40 ಸೈಟಿನಲ್ಲಿ ಮನೆ ಕಟ್ಟಿಸಿದೆವು. ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕಿದ್ದು ಫೆಬ್ರವರಿ ಕೊನೆಗೆ, ಗೃಹಪ್ರವೇಶ ಮೇ ತಿಂಗಳಲ್ಲಿ. ಮೊನ್ನೆ ರಾತ್ರಿ ಜೋರು ಮಳೆ ಬಂತು. ಬೆಳಗ್ಗೆ ಎದ್ದು ನೋಡಿದರೆ ಮೂರು ಕಡೆ ತೊಂದರೆ.

ಹಿಂದಿನ ಬೆಡ್‌ರೂಮಿನ ಮೂಲೆಯಲ್ಲಿ ಸೀಲಿಂಗ್ ಮೇಲೆ ಊಟದ ತಟ್ಟೆಯಷ್ಟಗಲ ಒದ್ದೆ. ಹಾಲ್‌ನ ಫ್ಯಾನ್ ಬಾಕ್ಸಿನಿಂದ ತೊಟ್ಟು ತೊಟ್ಟು ನೀರು, ಸರಿಯಾಗಿ ಹೊಸ ಸೋಫಾ ಮೇಲೆ. ಇನ್ನು ಸೀಲಿಂಗೂ ಗೋಡೆಯೂ ಸೇರುವ ಕಡೆ ಉದ್ದಕ್ಕೂ ಕೂದಲೆಳೆಯಂಥ ಬಿರುಕು.

ಕಂಟ್ರಾಕ್ಟರ್ ಕೇಳಿದರೆ "ಹೊಸ ಮನೆ ಅಂದ್ಮೇಲೆ ಒಂದು ಮಳೆಗಾಲ ಹೀಗೇ ಮೇಡಂ, ಸಿಮೆಂಟ್ ಸೆಟ್ ಆಗ್ಬೇಕು" ಅನ್ನುತ್ತಾರೆ. ಬಾಕಿ 90 ಸಾವಿರ ಕೊಟ್ಟರೆ ಒಂದು ಕೋಟ್ ವಾಟರ್‌ಪ್ರೂಫ್ ಹೊಡೆಸಿಕೊಡುತ್ತಾರಂತೆ. ನಂಬಬಹುದಾ?

ಬಿಸಿಲೂರು_ಹುಡುಗ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ. ನಮ್ಮ ಮನೆಗೂ ಹೀಗೇ ಆಗಿತ್ತು. ಬಿಳಿ ಕೋಟಿಂಗ್ ಎರಡು ಸಲ ಹೊಡೆಸಿದೆವು, ನಿಂತು ಹೋಯ್ತು. ಮನೆಯೂ ತಂಪು.

ಸೈಟ್_ಎಂಜಿನಿಯರ್

ಮೇಡಂ, ಎಲ್ಲಕ್ಕಿಂತ ಮೊದಲು ಆ ಫ್ಯಾನಿನ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ನೀರು ಬರುವ ಬಾಕ್ಸಿನಲ್ಲಿ ಕರೆಂಟ್ ಇರಬಾರದು.

ಎರಡನೆಯದು, ದುಡ್ಡು ಈಗ ಕೊಡಬೇಡಿ. ಕೋಟಿಂಗೂ ಈಗ ಬೇಡ. ಸಿಮೆಂಟ್ ಸೆಟ್ ಆಗೋದು ಕೆಲವೇ ಗಂಟೆಗಳಲ್ಲಿ. ಬೇಕಾದ ಬಲ ಬಹುಪಾಲು 28 ದಿನಕ್ಕೆ ಬಂದಿರುತ್ತದೆ. ಜೂನ್ ಮಳೆಗೆ ಕಾಯುತ್ತಾ ಕೂರುವ ಸಿಮೆಂಟ್ ನಾನಂತೂ ನೋಡಿಲ್ಲ. ಒದ್ದೆ ತಾರಸಿ ಮೇಲೆ ಕೋಟಿಂಗ್ ಹೊಡೆದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಎದ್ದು ಸಿಪ್ಪೆ ಬರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಏನೆಂದರೆ, ತಪ್ಪು ಎಲ್ಲಿತ್ತು ಅಂತ ತೋರಿಸುವ ಗುರುತೆಲ್ಲ ಬಣ್ಣದಡಿ ಮುಚ್ಚಿಹೋಗುತ್ತದೆ. ಬಿಸಿಲೂರು ತಮ್ಮಾ, ನಿಮ್ಮದು ಎಷ್ಟು ವರ್ಷ ಆಯ್ತು ಹೊಡೆಸಿ?

ಈಗ ಇಷ್ಟು ಹೇಳಿ. ಮಳೆ ನಿಂತ ಎಷ್ಟು ಹೊತ್ತಿಗೆ ತೊಟ್ಟಿಕ್ಕುವುದು ನಿಂತಿತು? ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸಿದ್ದು, ಎಷ್ಟು ದಿನ, ಹೇಗೆ? ಸೆಂಟ್ರಿಂಗ್ (ಕಾಂಕ್ರೀಟಿಗೆ ಕೆಳಗಿಂದ ಆಸರೆ ಕೊಡುವ ಶೀಟು, ಊರುಗೋಲು) ಬಿಚ್ಚಿದ್ದು ಯಾವಾಗ? ಗಾರೆ ಆಗದೆ ಬರಿ ಕಾಂಕ್ರೀಟ್ ಕಾಣುವ ಜಾಗ ಮನೆಯಲ್ಲಿ ಎಲ್ಲಾದರೂ ಉಳಿದಿದೆಯಾ?

ಬಿಸಿಲೂರು_ಹುಡುಗ

ಹೋದ ವರ್ಷ ಸರ್. ಈಗ ಒಂದು ಕಡೆ ಸ್ವಲ್ಪ ಎದ್ದಿದೆ, ನಿಜ ಹೇಳಬೇಕು ಅಂದ್ರೆ.

ತುಮಕೂರು_ಟೀಚರ್

ಎಂಸಿಬಿ ಇಳಿಸಿದೆ ಸರ್. ಫ್ಯಾನ್ ಬಾಕ್ಸಿನದು ಮಳೆ ನಿಂತ ಅರ್ಧ ಗಂಟೆಗೇ ನಿಂತಿತು. ಬೆಡ್‌ರೂಮಿನ ಒದ್ದೆ ಮಾತ್ರ ಮಾರನೇ ದಿನವೂ ಹರಡುತ್ತಾ ಹೋಯಿತು.

ಕ್ಯೂರಿಂಗ್ ಅಂದರೆ ಬೆಳಗ್ಗೆ ಸಂಜೆ ಪೈಪ್ ಹಿಡಿಯುತ್ತಿದ್ದರು, ಒಂದು ವಾರ. ಕಟ್ಟೆ ಕಟ್ಟಿ ನೀರು ನಿಲ್ಲಿಸಿರಲಿಲ್ಲ. ಸೆಂಟ್ರಿಂಗ್ 15 ದಿನಕ್ಕೆ ಬಿಚ್ಚಿದರು. ಮೆಟ್ಟಿಲ ಮೇಲಿನ ಹೆಡ್‌ರೂಮಿನ ಒಳಗೆ ಇನ್ನೂ ಗಾರೆ ಆಗಿಲ್ಲ. "ಆಮೇಲೆ ಮಾಡೋಣ" ಅಂದಿದ್ದರು.

ಸೈಟ್_ಎಂಜಿನಿಯರ್

ಆ ಹೆಡ್‌ರೂಮೇ ನಿಮ್ಮ ಕಂಟ್ರಾಕ್ಟರ್ ಅವರ ಮಾರ್ಕ್ಸ್ ಕಾರ್ಡ್. ನೀವು ಟೀಚರ್, ನೋಡಿ ನೀವೇ ಅಂಕ ಹಾಕಿ. ಟಾರ್ಚನ್ನು ನೇರ ಮೇಲಕ್ಕೆ ಹಿಡಿಯಬೇಡಿ, ಓರೆಯಾಗಿ ಬೆಳಕು ಬಿಡಿ. ಜಲ್ಲಿ ಜಲ್ಲಿಯಾಗಿ ಎದ್ದು ಕಾಣುತ್ತಿದೆಯಾ? ಕಂಬಿ ಕಾಣುತ್ತಿದೆಯಾ? ತುಕ್ಕಿನ ಗೆರೆ ಇದೆಯಾ? ಒಂದು ದಿನ ಹಾಕಿ ನಿಲ್ಲಿಸಿ ಮಾರನೇ ದಿನ ಮುಂದುವರಿಸಿದ ಗೆರೆ ಇದೆಯಾ?

ತಾರಸಿ ಕಂಬಿಯ ಕೆಳಗೆ ಕನಿಷ್ಠ 20 ಮಿ.ಮೀ. ಕಾಂಕ್ರೀಟ್ ಇರಬೇಕು, ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವುದು ಇದನ್ನೇ. ಅದಕ್ಕೇ ಕಂಬಿಯಡಿ ಕವರ್ ಬ್ಲಾಕ್ ಅನ್ನೋ ಸಣ್ಣ ಬಿಲ್ಲೆ ಇಡೋದು. ಬ್ಲಾಕ್ ಇಡದೆ, ಇಲ್ಲವೇ ಒಂದಿಷ್ಟು ಜಲ್ಲಿ ಚೂರು ಇಟ್ಟು ಮೇಲೆ ಓಡಾಡಿದರೆ ಕಂಬಿ ನೇರ ಶೀಟಿನ ಮೇಲೆ ಕೂರುತ್ತದೆ. ಕ್ಯೂರಿಂಗ್ ಕೂಡ ಕಡಿಮೆ ಆಗಿದೆ. ಮನೆಗಳಿಗೆ ಈಗ ಬಳಸುವುದು ಜಾಸ್ತಿ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್. ಅದಕ್ಕೆ ಕನಿಷ್ಠ 10 ದಿನ, 14 ಆದರೆ ಒಳ್ಳೆಯದು. ಫೆಬ್ರವರಿ ಬಿಸಿಲಿಗೆ ಪೈಪ್ ಹಿಡಿದ ನೀರು ಮಧ್ಯಾಹ್ನಕ್ಕೆ ಎಲ್ಲಿರುತ್ತದೆ? ಸೆಂಟ್ರಿಂಗ್ ವಿಷಯದಲ್ಲಿ ತಕರಾರಿಲ್ಲ. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಊರುಗೋಲು 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಇದ್ದರೆ ಸಾಕು.

ಗೋಡೆ ಸೇರುವ ಕಡೆಯ ಕೂದಲೆಳೆ ಬಿರುಕಿಗೆ ಸದ್ಯ ಹೆದರಬೇಡಿ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಹಿಗ್ಗಲ್ಲ. ಒಳ್ಳೆ ಕೆಲಸದ ಮನೆಯಲ್ಲೂ ಇದು ಬರುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡಿ. ಸೀಲಿಂಗಿನ ನಡುಮಧ್ಯೆ ಬಿರುಕು ಬಂದು, ಅದರೊಳಗೆ ವಿಸಿಟಿಂಗ್ ಕಾರ್ಡ್ ಹೋಗುವಂತಿದ್ದರೆ ಆ ಮಾತೇ ಬೇರೆ.

ಗಾರೆ_ಮಂಜಣ್ಣ

ಅಕ್ಕಾ, ನಾನು ಗಾರೆ ಕೆಲಸದವನು, ಓದಿದವನಲ್ಲ. ಒಂದು ಬಕೆಟ್ ನೀರು ತಗೊಂಡು ಮೇಲೆ ಹೋಗಿ. ಔಟ್‌ಲೆಟ್‌ಗೆ ದೂರದ ಮೂಲೆಯಲ್ಲಿ ಸುರಿಯಿರಿ. ಹರಿದು ಬಂದು ಪೈಪಿಗೆ ಇಳಿಯಬೇಕು. ನಡುವೆ ನಿಂತರೆ ವಾಟ ಕೊಟ್ಟಿಲ್ಲ ಅಂತ ಅರ್ಥ. 10 ಅಡಿಗೆ 1 ಇಂಚಾದರೂ ಇಳಿಜಾರು ಬೇಕು, ನಾನು ಒಂದೂಕಾಲು ಕೊಡ್ತೀನಿ.

ಆಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಟಣ್ ಅನ್ನುತ್ತೆ. ಮೇಲಿನ ಗಾರೆ ಕಚ್ಚಿಕೊಂಡಿಲ್ಲ ಅಂದ್ರೆ ಟೊಳ್ಳು ಸದ್ದು, ಹಲಸಿನ ಹಣ್ಣು ತಟ್ಟಿದ ಹಾಗೆ. ಪ್ಯಾರಾಪೆಟ್ ಬುಡಕ್ಕೆ ದುಂಡಗೆ ಗಾರೆ ಎತ್ತಿದ್ದಾರಾ ನೋಡಿ. ಚೌಕ ಮೂಲೆ ಹಾಗೇ ಬಿಟ್ಟಿದ್ದರೆ ಅಲ್ಲೇ ನೀರು ಒಳಗೆ ಇಳಿಯೋದು.

ಸೈಟ್_ಎಂಜಿನಿಯರ್

ಮಂಜಣ್ಣ ಹೇಳಿದ್ದು ಸರಿ. ಅದಾದ ಮೇಲೆ ನೀರು ನಿಲ್ಲಿಸಿ ನೋಡಿ. ಆದರೆ ಇಡೀ ತಾರಸಿಗೆ ಒಂದೇ ಸಲ ಬೇಡ, ಎಲ್ಲಿಂದ ಇಳಿಯಿತು ಅಂತ ಗೊತ್ತಾಗಲ್ಲ. ಜೇಡಿಮಣ್ಣಿನ ದಿಂಡು ಕಟ್ಟಿ, ಒಂದೊಂದೇ ಭಾಗಕ್ಕೆ 2 ಇಂಚು ನೀರು, 24 ಗಂಟೆ. ಚದರ ಅಡಿಗೆ 5 ಕೆಜಿ ಹತ್ತಿರ ಭಾರ ಬೀಳುತ್ತದೆ, ಓಡಾಡುವ ತಾರಸಿಗೆ ಅದು ಜಾಸ್ತಿಯಲ್ಲ. ಕೆಳಗೆ ಒದ್ದೆಯ ಅಂಚಿಗೆ ಪೆನ್ಸಿಲ್ ಗೆರೆ ಹಾಕಿ, ಗಂಟೆ ಬರೆದು ಫೋಟೋ ತೆಗೆಯಿರಿ.

ಫ್ಯಾನ್ ಬಾಕ್ಸಿನ ಬಗ್ಗೆ ನನಗೆ ಬೇರೆ ಅನುಮಾನ ಇದೆ. ಮಳೆ ನಿಂತ ಅರ್ಧ ಗಂಟೆಗೆ ನೀರೂ ನಿಂತಿತು ಅಂದರೆ ಕಾಂಕ್ರೀಟಿನಲ್ಲಿ ಒಸರಿದ್ದಲ್ಲ, ಎಲ್ಲೋ ನೇರ ದಾರಿ ಇದೆ. ತಾರಸಿ ಮೇಲೆ ಸೋಲಾರ್ ಇದ್ದರೆ ಅದರ ವೈರು ಯಾವ ಕಡೆಯಿಂದ ಮೇಲೆ ಬಂದಿದೆ?

ತುಮಕೂರು_ಟೀಚರ್

ನಾಲ್ಕು ದಿನ ಇದೇ ಕೆಲಸ ಆಯ್ತು. ಪೂರ್ತಿ ಹೇಳುತ್ತೇನೆ.

ಸೋಲಾರ್ ಸ್ಟ್ಯಾಂಡಿನ ಪಕ್ಕ ತಾರಸಿಯಿಂದ ಒಂದು ಪಿವಿಸಿ ಪೈಪ್ ಗೇಣುದ್ದ ಮೇಲೆದ್ದಿದೆ. ಅದರಿಂದ ವೈರು ಬಂದಿದೆ. ಪೈಪಿನ ಬಾಯಿ ಆಕಾಶ ನೋಡುತ್ತಿದೆ. ಮನೆಯವರು ಕೆಳಗೆ ಸ್ಟೂಲ್ ಮೇಲೆ ನಿಂತರು, ನಾನು ಮೇಲಿಂದ ಒಂದು ಚೊಂಬು ನೀರು ಪೈಪಿಗೆ ಹೊಯ್ದೆ. "ಬಂತು ಬಂತು" ಅಂತ ಕೂಗಿದರು, ಎರಡು ನಿಮಿಷವೂ ಆಗಿರಲಿಲ್ಲ. ಅಂದರೆ ಸ್ಲ್ಯಾಬಿನೊಳಗಿನ ಪೈಪಿನಲ್ಲೇ ಹರಿದು ಫ್ಯಾನ್ ಬಾಕ್ಸಿಗೆ ಬಂದಿದೆ. ಹಾಲ್ ಮೇಲೆ 24 ಗಂಟೆ ನೀರು ನಿಲ್ಲಿಸಿದೆವು, ಒಂದು ತೊಟ್ಟೂ ಇಳಿಯಲಿಲ್ಲ.

ಬೆಡ್‌ರೂಮಿನ ಮೂಲೆಯಲ್ಲಿ ಮಾತ್ರ ಮೂರೇ ಗಂಟೆಗೆ ಒದ್ದೆ ಗೆರೆ ದಾಟಿತು. ಔಟ್‌ಲೆಟ್ ಅಲ್ಲೇ ಇದೆ. ಪೈಪಿನ ಬಾಯಿ ತಾರಸಿಗಿಂತ ಅರ್ಧ ಇಂಚು ಮೇಲಿದೆ, ನೀರು ಇಳಿಯುವುದಾದರೂ ಹೇಗೆ? ಸುತ್ತ ತಟ್ಟಿದರೆ ಪೂರ್ತಿ ಹಲಸಿನ ಹಣ್ಣು. ಪರಿಚಯದ ಮೇಸ್ತ್ರಿ ಕರೆಸಿ ಅಂಗೈಯಗಲ ಒಡೆಸಿದೆ. ಪೈಪ್ ಸುತ್ತ ಕಾಂಕ್ರೀಟೇ ಇಲ್ಲ. ಇಟ್ಟಿಗೆ ಚೂರು, ಅದರ ಕೆಳಗೆ ಮಡಚಿ ತುರುಕಿದ ಸಿಮೆಂಟ್ ಚೀಲದ ತುಂಡು. ಚೀಲದ ಮೇಲಿನ ಅಕ್ಷರ ಕೂಡ ಓದಬಹುದು.

ಹೆಡ್‌ರೂಮಿನಲ್ಲಿ ಒಂದು ಕಡೆ ಜಲ್ಲಿ ಕಡಲೆಕಾಯಿ ಚಿಕ್ಕಿ ಥರ ಕಾಣುತ್ತಿದೆ. ಬೆರಳುದ್ದ ಎರಡು ಕಂಬಿ ಹೊರಗಿದೆ, ತುಕ್ಕು ಹಿಡಿದಿದೆ.

ಗಾರೆ_ಮಂಜಣ್ಣ

ಮೋಲ್ಡ್ ಹಾಕುವಾಗ ಪೈಪ್ ಇಡೋದು ಮರೆತಿದ್ದಾರೆ ಅಕ್ಕಾ. ಆಮೇಲೆ ಉಳಿ ಸುತ್ತಿಗೆಯಲ್ಲಿ ಒಡೆದು ಪೈಪ್ ತೂರಿಸಿದ್ದಾರೆ. ಕೆಳಗೆ ಹಲಗೆ ಕಟ್ಟೋಕೆ ಸೋಮಾರಿತನ, ಅದಕ್ಕೇ ಚೀಲ. ನಮ್ಮ ಕಸುಬಿನವರೇ ಮಾಡಿದ್ದು, ಹೇಳೋಕೆ ನಾಚಿಕೆ ಆಗುತ್ತೆ.

ಸೈಟ್_ಎಂಜಿನಿಯರ್

ಹಾಗಾದರೆ ಮೂರರಲ್ಲಿ ಒಂದು ಮಾಮೂಲು, ಒಂದು ಎಲೆಕ್ಟ್ರಿಷಿಯನ್ ಅಜಾಗರೂಕತೆ, ಒಂದು ಪಕ್ಕಾ ಕಳಪೆ ಕೆಲಸ. ಒಂದೇ ಕೋಟಿಂಗಿನಡಿ ಮೂರನ್ನೂ ಮುಚ್ಚಲು ಹೊರಟಿದ್ದರು ನೋಡಿ.

ವೈರಿನ ಪೈಪಿಗೆ ಕೆಳಮುಖ ಬೆಂಡ್ ಹಾಕಿಸಿ, ಬಾಯಿಗೆ ಸೀಲಂಟ್. ಔಟ್‌ಲೆಟ್ ಸುತ್ತ ಸಡಿಲ ಇರುವುದನ್ನೆಲ್ಲ ಕಿತ್ತು, ಕೆಳಗೆ ಹಲಗೆ ಕಟ್ಟಿ, ಕುಗ್ಗದ ಗ್ರೌಟ್ (ಸಂದಿಗೆ ಸುರಿಯುವ ಸಿಮೆಂಟ್ ಮಿಶ್ರಣ) ತುಂಬಬೇಕು. ಪೈಪಿನ ಬಾಯಿ ತಾರಸಿಗಿಂತ ಕೆಳಗೆ ಬರಬೇಕು. ವಾಟ ಸರಿಮಾಡಿ, ಪ್ಯಾರಾಪೆಟ್ ಬುಡ ದುಂಡಗೆ ಮಾಡಿ, ಪೂರ್ತಿ ಒಣಗಿದ ಮೇಲೆ ಕೋಟಿಂಗ್ ಹೊಡೆಸಿ.

ಹೆಡ್‌ರೂಮಿಗೆ ಸುಮ್ನೆ ಗಾರೆ ಬಳಿಯಲು ಬಿಡಬೇಡಿ. ಅದೇ ಕೈಗಳು ಕೆಳಗಿನ ಸ್ಲ್ಯಾಬನ್ನೂ ಹಾಕಿವೆ ಅಲ್ವಾ? ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಎರಡೂ ಕಡೆ ರಿಬೌಂಡ್ ಹ್ಯಾಮರ್ ಪರೀಕ್ಷೆ (ಒಡೆಯದೆ ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುವುದು) ಮಾಡಿಸಿ, ಬರಹದಲ್ಲಿ ವರದಿ ತಗೊಳ್ಳಿ. ಕಂಟ್ರಾಕ್ಟರ್ ಜೊತೆಗಿನ ಮಾತೂ ಇನ್ನು ಮೇಲೆ ಬರಹದಲ್ಲೇ ಇರಲಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ 5 ವರ್ಷದ ಹೊಣೆ ಬಿಲ್ಡರ್ ಪ್ರಾಜೆಕ್ಟಿನಲ್ಲಿ ಕೊಂಡವರಿಗೆ, ಸ್ವಂತ ಸೈಟಿನಲ್ಲಿ ಕಟ್ಟಿಸಿದವರಿಗೆ ಅದು ಸಿಗಲ್ಲ. ನಿಮಗಿರುವುದು ಗ್ರಾಹಕರ ಆಯೋಗ, 2 ವರ್ಷದೊಳಗೆ ದೂರು ಕೊಡಬೇಕು.

ತುಮಕೂರು_ಟೀಚರ್

ಅಪ್‌ಡೇಟ್. ಫೋಟೋಗಳನ್ನೂ ಆ ಚೀಲದ ತುಂಡನ್ನೂ ಟೇಬಲ್ ಮೇಲಿಟ್ಟು ಕಂಟ್ರಾಕ್ಟರ್ ಅವರನ್ನು ಕರೆಸಿದೆ. ಸ್ವಲ್ಪ ಹೊತ್ತು ಕೂಗಾಡಿದರು, ಆಮೇಲೆ ಕಾಫಿ ಕುಡಿದರು. ಅವರ ಖರ್ಚಿನಲ್ಲೇ ಮೂಲೆ ಕೆಲಸ ಆಯ್ತು. 48 ಗಂಟೆ ನೀರು ನಿಲ್ಲಿಸಿ ನೋಡಿದೆ, ಪೆನ್ಸಿಲ್ ಗೆರೆ ದಾಟಿಲ್ಲ. 50 ಸಾವಿರ ಕೊಟ್ಟಿದ್ದೇನೆ. ಮಿಕ್ಕ 40 ಹೆಡ್‌ರೂಮಿನ ವರದಿ ಬಂದ ಮೇಲೆ ಅಂತ ಬರೆಸಿಕೊಂಡಿದ್ದೇನೆ. ಪರೀಕ್ಷೆ ಮಾಡುವವರು ಶನಿವಾರ ಬರುತ್ತಾರೆ. ಬಂದು ಹೋದ ಮೇಲೆ ಇಲ್ಲೇ ಬರೆಯುತ್ತೇನೆ.

ಗಾರೆ_ಮಂಜಣ್ಣ

ಅಲ್ಲಿವರೆಗೂ ಹೆಡ್‌ರೂಮಿನ ಮೇಲೆ ನೀರಿನ ಟ್ಯಾಂಕ್ ಇಡಿಸಬೇಡಿ ಅಕ್ಕಾ.

ತುಮಕೂರು_ಟೀಚರ್

ಆಗಲೇ ಇಟ್ಟಾಗಿದೆ ಮಂಜಣ್ಣ, 1000 ಲೀಟರಿನದು. ಇವತ್ತೇ ಖಾಲಿ ಮಾಡಿಸುತ್ತೇನೆ.